ವಯಸ್ಸಾಯ್ತಲ್ಲ ಅಂದುಕೊಂಡು ಸುಮ್ಮನಿದ್ದೆವು

16 ನವೆಂಬರ್ 2025, ಭಾನುವಾರ
ಶಿಡ್ಲಘಟ್ಟದ ಹತ್ತಿರ, ನಮ್ಮೂರು

ಇವತ್ತು ರೇಷ್ಮೆ ಹುಳ ಹಣ್ಣಾಗಿವೆ, ಅಂದರೆ ಗೂಡು ಕಟ್ಟಲು ಸಿದ್ಧವಾಗಿವೆ. ಬೆಳಿಗ್ಗೆಯಿಂದ ಎಲ್ಲರೂ ಹುಳ ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ತಟ್ಟಿಗೆ, ಬಿಡುವುದರಲ್ಲೇ ಇದ್ದೇವೆ. ಅಪ್ಪ ಹುಳದ ಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ತಲೆಯ ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ವಾರ. ಇದನ್ನು ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಂಡಿದ್ದೆ, ಮನಸ್ಸು ಬಂದಿರಲಿಲ್ಲ.

ಅಪ್ಪನಿಗೆ 76 ವರ್ಷ. ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ, ಇನ್ನೂ ಕತ್ತಲಿರುವಾಗಲೇ ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೊರಟವರು ಹಿತ್ತಲ ಮೆಟ್ಟಿಲ ಹತ್ತಿರ ಬಿದ್ದರು. ಕಲ್ಲು ತಗುಲಿ ಹಣೆಯ ಪಕ್ಕ ಒಡೆದಿತ್ತು. ಹೇಗೆ ಬಿದ್ದೆ ಅಂತ ಅವರಿಗೇ ನೆನಪಿರಲಿಲ್ಲ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಾಲ್ಕು ಹೊಲಿಗೆ ಹಾಕಿ, ಟಿಟಿ ಇಂಜೆಕ್ಷನ್ ಕೊಟ್ಟು, ಬಿಪಿ ನೋಡಿ, ಏನೂ ಆಗಿಲ್ಲ ಅಂತ ಕಳಿಸಿದರು. ಅಪ್ಪ ಹಾರ್ಟಿಗೆ ಅಂತ ಆರು ವರ್ಷದಿಂದ ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರು. ಅದನ್ನು ಕ್ಲಿನಿಕ್‌ನವರು ಕೇಳಲಿಲ್ಲ. ನಾವೂ ಹೇಳಲಿಲ್ಲ.

ಆಮೇಲೆ ಹತ್ತು ಹದಿನೈದು ದಿನ ಚೆನ್ನಾಗೇ ಇದ್ದರು. ಗಣೇಶನ ಹಬ್ಬದ ಹೊತ್ತಿಗೆ ಸಣ್ಣ ಸಣ್ಣ ಬದಲಾವಣೆ ಶುರುವಾಯಿತು. ಹಗಲೆಲ್ಲ ನಿದ್ದೆ. ತಲೆ ಭಾರ ಅನ್ನೋರು. ಬಲಗಾಲಿನ ಚಪ್ಪಲಿ ಜಾರಿ ದಾರಿಯಲ್ಲೇ ಉಳಿದಿರೋದು, ಅವರು ಹಾಗೇ ಮುಂದೆ ಹೋಗಿರೋರು. ಒಂದು ದಿನ ಮೂರನೇ ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಿಬಿಟ್ಟರು. ರೇಷ್ಮೆ ಮಾಡುವವರಿಗೆ ಇದರ ಅರ್ಥ ಗೊತ್ತಾಗುತ್ತದೆ. ಹುಳ ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಅಲ್ಲಾಡದೆ ನಿಂತರೆ, ಸೊಪ್ಪು ನಿಲ್ಲಿಸಬೇಕು. ನನಗೆ ಅದನ್ನು ಏಳನೇ ವಯಸ್ಸಿನಲ್ಲಿ ಹೇಳಿಕೊಟ್ಟವರೇ ಅಪ್ಪ. ಐವತ್ತು ವರ್ಷ ಹುಳ ಮೇಯಿಸಿದ ಮನುಷ್ಯ ಆ ತಪ್ಪು ಮಾಡುತ್ತಾರೆ ಅಂದರೆ ಆ ಕ್ಷಣವೇ ಗಾಡಿ ಹತ್ತಿಸಬೇಕಿತ್ತು ಅಲ್ವಾ?

ನಾವು ಅಂದಿದ್ದೇನು? ವಯಸ್ಸಾಯ್ತಲ್ಲ. ಅಮ್ಮ ಅಂದಳು, ಪಕ್ಕದ ಮನೆಯವರು ಅಂದರು, ಚಿಕ್ಕಬಳ್ಳಾಪುರದಿಂದ ಫೋನಿನಲ್ಲಿ ಕೇಳಿಸಿಕೊಂಡ ನಾನೂ ಅಂದೆ.

ಬಿದ್ದು ಐದು ವಾರಕ್ಕೆ ಒಂದು ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು, ಮಾತು ತೊದಲಿತು. ಲಕ್ವಾ ಹೊಡೆದಿದೆ ಅಂತಲೇ ಬೆಂಗಳೂರಿಗೆ ಓಡಿದೆವು. ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ನನ್ನನ್ನೂ ಅಣ್ಣನನ್ನೂ ಕಂಪ್ಯೂಟರ್ ಮುಂದೆ ಕೂರಿಸಿ ತೋರಿಸಿದರು. ಎಡಗಡೆ ಬುರುಡೆಗೂ ಮೆದುಳಿಗೂ ಮಧ್ಯೆ ಬಾಳೆಹಣ್ಣಿನ ಹಾಗೆ ಬಾಗಿದ ಒಂದು ಕಪ್ಪು ಪಟ್ಟಿ. ಹೊಸ ರಕ್ತ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುತ್ತದಂತೆ, ವಾರಗಟ್ಟಲೆ ಹಳೆಯದಾದರೆ ಕಪ್ಪಗೆ. ಹಬ್ಬದ ಮಾರನೇ ದಿನದ ಪೆಟ್ಟು ಅಲ್ಲಿ ಇನ್ನೂ ಕೂತಿತ್ತು, ಮೆದುಳನ್ನು ಒತ್ತುತ್ತಿತ್ತು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಮೆದುಳಿನಿಂದ ಮೇಲಿನ ಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಆಗ ಎಳೆದ ದಾರದ ಹಾಗೆ ಬಿಗಿಯಾಗಿರುತ್ತವೆ. ಸಣ್ಣ ಪೆಟ್ಟಿಗೂ ಹರಿಯಬಹುದು. ರಕ್ತ ನಿಧಾನವಾಗಿ ಸೋರುತ್ತದೆ, ತೆಳುವಾಗುವ ಮಾತ್ರೆ ಇದ್ದರೆ ಇನ್ನೂ ಜಾಸ್ತಿ. ಬುರುಡೆಯೊಳಗೆ ಜಾಗ ಇರುವುದರಿಂದ ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಎಚ್ಚರ ಎಷ್ಟಿದೆ ಅಂತ ನೋಡಲು ಗ್ಲಾಸ್ಗೋ ಅಂತ ಒಂದು ಅಳತೆ ಇದೆ, 1974ರಲ್ಲಿ ಬಂದದ್ದು. ಕಣ್ಣು, ಮಾತು, ಕೈಕಾಲು ನೋಡಿ 3ರಿಂದ 15ರವರೆಗೆ ನಂಬರು ಕೊಡುತ್ತಾರೆ, 15 ಅಂದರೆ ಪೂರ್ತಿ ಎಚ್ಚರ. ಆ ದಿನವೂ ಅಪ್ಪನಿಗೆ 14 ಬಂತು! ವಯಸ್ಸಾದವರಲ್ಲಿ ಒಳಗೆ ಅಷ್ಟು ರಕ್ತ ಇದ್ದರೂ ನಂಬರು ಚೆನ್ನಾಗೇ ಕಾಣಬಹುದಂತೆ. ಅದಕ್ಕೇ, 65 ದಾಟಿದವರು ತಲೆಗೆ ಪೆಟ್ಟು ಮಾಡಿಕೊಂಡು ಎಚ್ಚರ ತಪ್ಪಿದ್ದರೆ, ಅಥವಾ ಬಿದ್ದದ್ದೇ ನೆನಪಿಲ್ಲ ಅಂದರೆ, ಮೇಲೆ ಚೆನ್ನಾಗಿ ಕಂಡರೂ ಸ್ಕ್ಯಾನ್ ಮಾಡಿಸಬೇಕು. ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಲೇಬೇಕು, ನಾವಾಗಿ ನಿಲ್ಲಿಸಲೂ ಬಾರದು.

ಬುರುಡೆಗೆ ಎರಡು ತೂತು ಮಾಡಿ ರಕ್ತ ತೆಗೆದರು. ಎರಡು ದಿನ ಸಣ್ಣ ಪೈಪು ಇತ್ತು. ಕೈ ಬೇಗ ಬಂತು, ಮಾತೂ ಬಂತು. ಆದರೆ ರಾತ್ರಿ ಆದರೆ ಸಾಕು, ಡ್ರಿಪ್ ಕಿತ್ತು ಹಾಕೋರು, ಸೊಪ್ಪಿಗೆ ಹೊತ್ತಾಯಿತು ಅಂತ ಏಳೋರು, ನನ್ನನ್ನು ತೀರಿಹೋದ ಅತ್ತೆಯ ಹೆಸರಲ್ಲಿ ಕರೆಯೋರು. ಇದೊಂದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ವಾರ್ಡಿನ ಹೊರಗೆ ನಿಂತು ಅಷ್ಟು ಅಳುತ್ತಿರಲಿಲ್ಲ. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಹೀಗೆ ಗಲಿಬಿಲಿ ಆಗುವುದು ಉಂಟು, ಹೆಚ್ಚಿನವರಿಗೆ ನಿಧಾನವಾಗಿ ಇಳಿಯುತ್ತದೆ. ಅಪ್ಪನಿಗೆ ಹನ್ನೊಂದು ದಿನ ಹಿಡಿಯಿತು.

ಮನೆಗೆ ಬಂದ ಮೇಲೆ ಹಿತ್ತಲಿಗೆ ಲೈಟು ಹಾಕಿಸಿದೆವು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಹುಳದ ಮನೆ ನೆಲದ ಗೋಣಿಚೀಲ ಎಲ್ಲ ಹೊರಗೆ. ಆಪರೇಷನ್ ಆದವರಲ್ಲೂ ಕೆಲವರಿಗೆ ಮತ್ತೆ ರಕ್ತ ಸೇರಿಕೊಳ್ಳುತ್ತದಂತೆ, ಅದರ ಭಯ ಇದ್ದೇ ಇದೆ. ಅಪ್ಪ ಈಗ ಬೇಗ ಸುಸ್ತಾಗುತ್ತಾರೆ. ಸಣ್ಣದಕ್ಕೂ ಕಣ್ಣಲ್ಲಿ ನೀರು. ಲೆಕ್ಕ ತಪ್ಪುತ್ತದೆ, ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಕೇಳಿ ಐದು ನಿಮಿಷಕ್ಕೆ ಮತ್ತೆ ಕೇಳುತ್ತಾರೆ. ನೋಡಲು ಬಂದ ನೆಂಟರು ಈಗಲೂ ಅದೇ ಮಾತು ಆಡುತ್ತಾರೆ: ವಯಸ್ಸಾಯ್ತಲ್ಲ, ಇನ್ನು ಯಾಕೆ ಎಕ್ಸರ್‌ಸೈಜು, ಸುಮ್ನೆ ಮಲಗಲಿ ಬಿಡಿ. ನನಗೆ ಮೈ ಉರಿಯುತ್ತದೆ. ಈ ವಯಸ್ಸಿನಲ್ಲಿ ತಲೆಗೆ ಪೆಟ್ಟಾದರೆ ಅಪಾಯ ಜಾಸ್ತಿ, ಚೇತರಿಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದೆಲ್ಲ ನಿಜ. ಹಾಗಂತ ಚೇತರಿಸಿಕೊಳ್ಳುವುದೇ ಇಲ್ಲ ಅಂತ ಯಾರು ಹೇಳಿದ್ದು? ಬೀಳುವ ಮೊದಲು ಗಟ್ಟಿಯಾಗಿದ್ದವರು, ಎದ್ದು ನಡೆದಾಡಿದವರು ಎಷ್ಟೋ ಜನ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟಾಗುತ್ತಾರೆ. ಅಪ್ಪ ದಿನಾ ಎರಡು ಹೊತ್ತು ಅಮ್ಮನ ಭುಜ ಹಿಡಿದು ಹಿಪ್ಪುನೇರಳೆ ತೋಟದ ಬದುವಿನವರೆಗೆ ಹೋಗಿಬರುತ್ತಾರೆ.

ಮಧ್ಯಾಹ್ನ ನಾನೊಂದು ಹುಳ ಎತ್ತಿ ಚಂದ್ರಿಕೆಗೆ ಬಿಡಲು ಹೋದೆ. ಕುರ್ಚಿಯಿಂದಲೇ, "ಅದಿನ್ನೂ ಹಣ್ಣಾಗಿಲ್ಲ ಕಣಮ್ಮ, ಬಿಡು" ಅಂದರು. ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಇನ್ನೂ ಸೊಪ್ಪಿನ ಹಸಿರು ಕಾಣುತ್ತಿತ್ತು. ತಟ್ಟೆ ಅವರ ತೊಡೆ ಮೇಲಿಟ್ಟೆ. ಬಲಗೈಯಿಂದ, ಒಂದೊಂದೇ, ಹುಳಕ್ಕೆ ನೋವಾಗದ ಹಾಗೆ ಎತ್ತಿ ಆರಿಸಿಕೊಟ್ಟರು. ಒಂದೂ ಕೆಳಗೆ ಬೀಳಲಿಲ್ಲ.

ಮಂಗಳವಾರ ಮತ್ತೆ ಸ್ಕ್ಯಾನ್ ಇದೆ. ಅಣ್ಣ ಗಾಡಿಗೆ ಹೇಳಿದ್ದಾನೆ.