ಡಿಸೆಂಬರ್‌ನಲ್ಲಿ ಕುದುರೆಮುಖ ಹತ್ತೋರಿಗೆ

ಮೊದಲು ಅರಣ್ಯ ಇಲಾಖೆಯ ಆನ್‌ಲೈನ್ ಪರ್ಮಿಟ್, ಆಮೇಲೆ ಹೋಂಸ್ಟೇ. ಉಲ್ಟಾ ಮಾಡಿದವರೇ ಅಡ್ವಾನ್ಸ್ ಕಳ್ಕೊಳ್ಳೋದು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ವಾರಾಂತ್ಯದ್ದು ಬೇಗ ಖಾಲಿ. ಬೆಟ್ಟ ಸುಮ್ಮನಿರೋದು ನೋಡಬೇಕಾದ್ರೆ ಮಂಗಳವಾರ, ಬುಧವಾರ ಹೋಗಿ. ಫೆಬ್ರವರಿಗೆ ಮಾತ್ರ ತಳ್ಳಬೇಡಿ. ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾದ್ರೆ ದಾರಿನೇ ಮುಚ್ಚಬಹುದು.

ಕಳಸದಿಂದ ಸಂಸೆ, ಅಲ್ಲಿಂದ ಮುಳ್ಳೋಡಿಗೆ ಜೀಪು. ಸ್ವಂತ ಕಾರು ಇಳಿಸಿದ್ರೆ ತಳಕ್ಕೆ ಕಲ್ಲು ಹೊಡೆಯೋದು ಗ್ಯಾರಂಟಿ.

ಮುಳ್ಳೋಡಿಯಿಂದ ತುದಿಗೆ ನಡೆದು ಹೋಗಿಬರೋಕೆ ಸುಮಾರು 20 ಕಿ.ಮೀ., ಎಂಟು ಗಂಟೆ ಹಿಡೀರಿ. ಆರೂವರೆಗೆಲ್ಲ ಕತ್ತಲು, ಮೇಲೆ ಟೆಂಟ್ ಹಾಕೋ ಹಾಗಿಲ್ಲ. ಮುಂಜಾನೆ ಚಳಿಗೆ ಹೆದರಿ ದಪ್ಪ ಜಾಕೆಟ್ ಹಾಕ್ಕೊಂಡ್ರೆ ಹತ್ತು ಗಂಟೆಗೆ ಅದನ್ನ ಹೊರಬೇಕಾಗುತ್ತೆ. ಶೋಲಾ ಕಾಡು, ಅಂದ್ರೆ ಬೆಟ್ಟದ ಮಡಿಲಲ್ಲಿರೋ ದಟ್ಟ ಕಾಡು, ದಾಟಿದ್ರೆ ಬರೀ ಹುಲ್ಲುಗಾವಲು, ನೆರಳಿಲ್ಲ. ತೆಳು ಅಂಗಿ ಎರಡು, ಟೋಪಿ ಸಾಕು.

ಅಂದಹಾಗೆ, 2005ರ ಕೊನೆವರೆಗೂ ಈ ಬೆಟ್ಟಸಾಲಿನಲ್ಲೇ ಕಬ್ಬಿಣದ ಅದಿರು ತೆಗೀತಿದ್ರು. ನಾವು ಹುಡುಕ್ಕೊಂಡು ಹೋಗೋ ಮೌನಕ್ಕೆ ಅಷ್ಟೇನೂ ವಯಸ್ಸಾಗಿಲ್ಲ.

ನೀರು ತಲಾ ಮೂರು ಲೀಟರ್. ತೊರೆಗಳು ಕೆಳಗೇ ಸಿಗೋದು, ತುದಿ ಹತ್ತಿರ ನಂಬಬೇಡಿ. ಇಳಿಯುವಾಗ ಒಣಹುಲ್ಲು, ಜಲ್ಲಿಪುಡಿ ಜಾರುತ್ತೆ. ಸವೆದ ಶೂ ಬೇಡ, ಕಾಲುಗುರು ಕತ್ತರಿಸ್ಕೊಂಡು ಬನ್ನಿ.