ಕರ್ಕೊಂಡು ಹೋಗೋರು ಯಾರು?

ಈ ವಾರ ಪೂರ್ತಿ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಮನೆಕೆಲಸಕ್ಕೆ ಬರುವ ಹೆಂಗಸು ಸೋಮವಾರ ಪಾತ್ರೆ ತೊಳೀತಾ, ಮಗಳನ್ನು ಇನ್ನು ಸ್ಕೂಲಿಗೆ ಕಳಿಸಲ್ಲ ಅಂದರು. ಹುಡುಗಿ ಎಂಟನೇ ಕ್ಲಾಸು ಮುಗಿಸುತ್ತಿದ್ದಾಳೆ. ಇಲ್ಲಿ ಕೋಲ್ಕತ್ತಾದಲ್ಲಿ ಜನವರಿಗೆ ಹೊಸ ಕ್ಲಾಸು ಶುರು. ಓದಿನಲ್ಲಿ ಚುರುಕು, ನನ್ನ ಹತ್ತಿರ ಆಗಾಗ ಲೆಕ್ಕ ಹೇಳಿಸಿಕೊಳ್ಳೋಕೆ ಬರುತ್ತಾಳೆ. ನಾನು ಸ್ವಲ್ಪ ದನಿ ಏರಿಸಿಯೇ ಕೇಳಿದೆ, ಯಾಕೆ, ಸ್ಕೂಲೇನು ಮಾಡಿತು ನಿಮಗೆ ಅಂತ.

"ಸ್ಕೂಲು ಬೇಡ ಅಂತಲ್ಲ ಬೌದಿ (ಅತ್ತಿಗೆ). ಕರ್ಕೊಂಡು ಹೋಗೋರು ಯಾರು? ಕರ್ಕೊಂಡು ಬರೋರು ಯಾರು?"

ಈಗಿನ ಸ್ಕೂಲು ಅವರ ಗಲ್ಲಿಯ ತುದಿಯಲ್ಲೇ ಇದೆ, ಆದರೆ ಎಂಟರವರೆಗೆ ಮಾತ್ರ. ಒಂಬತ್ತಕ್ಕೆ ರೈಲ್ವೆ ಹಳಿ ದಾಟಿ ಹೋಗಬೇಕು. ಗಂಡ ತಿಲ್‌ಜಲಾದಲ್ಲಿ ಚಪ್ಪಲಿ ಹೊಲಿಯುವ ಕಾರ್ಖಾನೆಗೆ ಬೆಳಿಗ್ಗೆಯೇ ಹೊರಡುತ್ತಾನೆ. ಈಕೆ ಬೆಳಕು ಹರಿಯೋ ಮೊದಲೇ ಮನೆ ಬಿಡಬೇಕು. ಇಲ್ಲಿ ಪೂಲ್ ಕಾರ್ ಅಂತಾರಲ್ಲ, ಮಕ್ಕಳನ್ನು ತುಂಬಿಕೊಂಡು ಹೋಗುವ ವ್ಯಾನು, ಅದರ ತಿಂಗಳ ಬಾಡಿಗೆ ಕೇಳಿದರೆ ಅವರ ಸಂಬಳದಲ್ಲಿ ಏನೂ ಉಳಿಯಲ್ಲ. ಹಳಿ ಪಕ್ಕ ಸಂಜೆ ಹುಡುಗರು ಗುಂಪು ಕಟ್ಟಿ ನಿಂತಿರುತ್ತಾರೆ. ಅಪ್ಪನಿಗೆ ಭಯ. ನನಗೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗಲಿಲ್ಲ, ಯಾಕಂದ್ರೆ ಆ ದಾರಿ ನಾನೂ ನೋಡಿದ್ದೇನೆ.

ಅದರ ಮಾರನೇ ದಿನವೇ ಡಿಸೆಂಬರ್ 9. ಮುಸ್ಲಿಂ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಬರಹಗಾರ್ತಿ ಬೇಗಂ ರೊಕೆಯಾ ಹುಟ್ಟಿದ್ದೂ ತೀರಿಕೊಂಡಿದ್ದೂ ಅದೇ ತಾರೀಕು ಅಂತ ಪಕ್ಕದ ಬಾಂಗ್ಲಾದೇಶದಲ್ಲಿ ಆ ದಿನ ಅವರ ಹೆಸರಿನಲ್ಲೇ ಆಚರಣೆ ನಡೆಯುತ್ತದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಅವರ ಮಾತು ಬಂತು. ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ, ತುಂಬಾ ಓದಿಕೊಂಡವರು, ಓದಿದ್ದನ್ನು ಬೇರೆಯವರ ತಪ್ಪು ಹುಡುಕೋಕೆ ಮಾತ್ರ ಬಳಸುವವರು. "ಪರ್ದಾ ವಿರುದ್ಧ ಅಷ್ಟೆಲ್ಲಾ ಬರೆದರು, ಹೊರಗೆ ಹೊರಟರೆ ತಾವೇ ಬುರ್ಖಾ ಹಾಕ್ತಿದ್ರು. ಸ್ಕೂಲ್ ಬಸ್ಸಿಗೂ ಪರದೆ ಕಟ್ಟಿಸಿದ್ರು. ಇದೆಂಥಾ ಸುಧಾರಣೆ?" ಅಂದರು. ಎಲ್ಲರೂ ನಕ್ಕರು. ನನಗೆ ಊಟ ಸೇರಲಿಲ್ಲ. ಹಿಂದಿನ ದಿನದ ಮಾತು ಕಿವಿಯಲ್ಲೇ ಇತ್ತಲ್ಲ, ಕರ್ಕೊಂಡು ಹೋಗೋರು ಯಾರು ಅಂತ. ಆ ಬಸ್ಸಿನ ಕಥೆ ಪೂರ್ತಿ ಓದಿದ್ದರೆ ಅವರು ಹಾಗೆ ನಗುತ್ತಿರಲಿಲ್ಲ.

ನಮ್ಮ ಕಡೆ ಸಾವಿತ್ರಿಬಾಯಿ ಫುಲೆ ಗೊತ್ತು, ರೊಕೆಯಾ ಗೊತ್ತಿರೋರು ಕಮ್ಮಿ. ಹಾಗಾಗಿ ಸ್ವಲ್ಪ ಹೇಳ್ತೀನಿ. ಹುಟ್ಟಿದ್ದು 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗಪುರ ಜಿಲ್ಲೆಯ ಪಾಯ್ರಾಬಂದ್ ಅನ್ನುವ ಹಳ್ಳಿಯ ಜಮೀನ್ದಾರರ ಮನೆಯಲ್ಲಿ. ಗಂಡುಮಕ್ಕಳಿಗೆ ಕಲ್ಕತ್ತಾದ ಕಾಲೇಜು, ಹೆಣ್ಣುಮಕ್ಕಳಿಗೆ ಒಳಮನೆ. ಐದು ವರ್ಷದ ಮಗುವಾಗಿದ್ದಾಗಲೇ ಹೊರಗಿನ ಹೆಂಗಸರ ಕಣ್ಣಿಗೂ ಬೀಳಬಾರದು ಅಂತ ಕಟ್ಟಳೆ. ನೆಂಟರ ಮನೆಯ ಕೆಲಸದವರು ಬಂದು ಉಳಿದರೆ ಈ ಮಗು ಅಟ್ಟದಲ್ಲಿ, ಮಂಚದ ಕೆಳಗೆ, ಚಾಪೆಯ ಹಿಂದೆ ಅಡಗಿಕೊಂಡಿರಬೇಕು, ಊಟವಿಲ್ಲದೆ. ಅಕ್ಕ ಕರೀಮುನ್ನಿಸಾಗೆ ಬಂಗಾಳಿ ಓದುವ ಹುಚ್ಚು. ಅವರಿಗೆ ಚಿಕ್ಕ ವಯಸ್ಸಿಗೇ ಮದುವೆ ಆಗಿಹೋಯಿತು. ಅಣ್ಣ ಇಬ್ರಾಹಿಂ ಸಾಬೇರ್ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಂಬತ್ತಿ ಹಚ್ಚಿಕೊಂಡು ತಂಗಿಗೆ ಇಂಗ್ಲಿಷ್ ಹೇಳಿಕೊಟ್ಟ. ಆ ಅಣ್ಣ ಇಲ್ಲದಿದ್ದರೆ ರೊಕೆಯಾ ಇಲ್ಲ ಅಂತ ನಾನು ನಂಬಿದ್ದೇನೆ. ಅಣ್ಣಂದಿರ ಬಗ್ಗೆ ನಮ್ಮಲ್ಲಿ ಯಾರೂ ಜಾಸ್ತಿ ಬರೆಯಲ್ಲ, ಬರೆಯಬೇಕು.

ಮದುವೆಯಾದದ್ದು ಸಖಾವತ್ ಹುಸೇನ್ ಜೊತೆ. ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಬಿಹಾರದ ಭಾಗಲ್ಪುರದವರು, ಹೆಂಡತಿಗಿಂತ ತುಂಬಾ ದೊಡ್ಡವರು. ಆದರೆ ಆ ಮನುಷ್ಯ ಹೆಂಡತಿಯ ಓದಿಗೆ ಬರಹಕ್ಕೆ ಬೆನ್ನಿಗೆ ನಿಂತರು, ಹೆಣ್ಣುಮಕ್ಕಳ ಶಾಲೆಗೆ ಅಂತಲೇ ಹತ್ತು ಸಾವಿರ ರೂಪಾಯಿ ಎತ್ತಿಟ್ಟರು. 1905ರಲ್ಲಿ ರೊಕೆಯಾ ಬರೆದ ಒಂದು ಇಂಗ್ಲಿಷ್ ಕಥೆ ಮದ್ರಾಸಿನ ಹೆಂಗಸರ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಗಂಡಸರೆಲ್ಲ ಒಳಮನೆಯಲ್ಲಿ, ಹೆಂಗಸರು ದೇಶ ಆಳುತ್ತಾರೆ, ಬಿಸಿಲಿನ ಶಾಖದಿಂದ ಅಡುಗೆ ಮಾಡುತ್ತಾರೆ, ಹಾರುವ ಗಾಡಿಯಲ್ಲಿ ಓಡಾಡುತ್ತಾರೆ. ನೆನಪಿಟ್ಟುಕೊಳ್ಳಿ, ಹಾರುವ ಗಾಡಿ. ಇದನ್ನು ಬರೆದ ಹೆಂಗಸು ಮುಂದೆ ನೆಲದ ಮೇಲೆ ಓಡುವ ಒಂದು ಬಸ್ಸಿನ ಕಿಟಕಿಗಾಗಿ ಬೈಸಿಕೊಳ್ಳಬೇಕಾಯಿತು.

1909ರಲ್ಲಿ ಗಂಡ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು ಕೂಸಾಗಿದ್ದಾಗಲೇ ಹೋಗಿದ್ದರು. ಅದೇ ವರ್ಷ ಭಾಗಲ್ಪುರದಲ್ಲಿ ಗಂಡನ ಹೆಸರಿನಲ್ಲಿ ಶಾಲೆ ತೆರೆದರು, ಐದು ಮಕ್ಕಳು. ಮನೆಯ ಜಗಳದಿಂದ ಅಲ್ಲಿ ಇರಲಾಗದೆ ಕಲ್ಕತ್ತಾಗೆ ಬಂದರು. 1911ರ ಮಾರ್ಚ್ 16ಕ್ಕೆ ವಲಿಯುಲ್ಲಾ ಲೇನ್‌ನ ಒಂದು ಬಾಡಿಗೆ ಮನೆಯಲ್ಲಿ ಮತ್ತೆ ಶುರು, ಎಂಟು ಮಕ್ಕಳು. ಸ್ವತಃ ಒಂದು ದಿನವೂ ಶಾಲೆ ಮೆಟ್ಟಿಲು ಹತ್ತಿದವರಲ್ಲ. ತರಗತಿ ಹೇಗೆ ನಡೆಯುತ್ತೆ ಅಂತ ತಿಳಿಯೋಕೆ ಕಲ್ಕತ್ತಾದ ಬ್ರಹ್ಮಸಮಾಜದವರ, ಹಿಂದೂಗಳ ಹೆಣ್ಣುಮಕ್ಕಳ ಶಾಲೆಗಳಿಗೆ ಹೋಗಿ ಕೂತು ನೋಡಿದರು.

ಆಮೇಲೆ ಮನೆಮನೆಗೆ ಹೋದರು. ಬುರ್ಖಾ ಹಾಕಿಕೊಂಡೇ. ಮಗಳನ್ನು ಕಳಿಸಿ, ಅವಳ ಪರ್ದಾಕ್ಕೆ ನಾನು ಜವಾಬ್ದಾರಿ ಅಂತ ಮಾತು ಕೊಟ್ಟರು. ಈ ಮಾತು ಕೊಡದೇ ಇದ್ದಿದ್ದರೆ ಶಾಲೆಗೆ ಮಕ್ಕಳೇ ಇರುತ್ತಿರಲಿಲ್ಲ. ಮಕ್ಕಳೇ ಬರದ ಶಾಲೆಯಲ್ಲಿ ಎಷ್ಟು ದೊಡ್ಡ ವಿಚಾರ ಇಟ್ಟುಕೊಂಡು ಏನು ಮಾಡೋದು? ಎಲ್ಲ ಅಪ್ಪ ಅಮ್ಮಂದಿರ ಬಾಯಲ್ಲೂ ಇದ್ದದ್ದು ನಮ್ಮ ಮನೆಗೆ ಬರುವಾಕೆಯ ಪ್ರಶ್ನೆಯೇ, ಕರ್ಕೊಂಡು ಹೋಗೋರು ಯಾರು?

ಅದಕ್ಕೇ ಗಾಡಿ. ಮುಂದೆ ಶಾಲೆಗೆ ಮೋಟಾರು ಬಸ್ಸು ಬಂತು. ಅದರ ಕಥೆಯನ್ನು ರೊಕೆಯಾ ಅವರೇ ಬರೆದಿದ್ದಾರೆ, 1931ರಲ್ಲಿ ಪುಸ್ತಕವಾಗಿ ಬಂದ ಬರಹಗಳಲ್ಲಿ. ಬಸ್ಸು ಸುತ್ತಲೂ ಮುಚ್ಚಿದ್ದು. ಗಾಳಿಗೆ ಅಂತ ಹಿಂದೆ ಮುಂದೆ ಮೇಲ್ಗಡೆ ಮೂರು ಅಂಗುಲ ಅಗಲದ ಜಾಲರಿ ಮಾತ್ರ. ಮೊದಲ ದಿನವೇ ಮಕ್ಕಳು ಸೆಖೆಗೆ ಒದ್ದಾಡಿದರು, ವಾಂತಿ ಮಾಡಿಕೊಂಡರು, ಚಿಕ್ಕವು ಕತ್ತಲೆಗೆ ಹೆದರಿ ಅತ್ತವು. ಎರಡನೇ ದಿನ ಟೀಚರು ಕಿಟಕಿಯ ಬಾಗಿಲು ತೆಗೆಸಿ ಬಣ್ಣದ ಪರದೆ ಕಟ್ಟಿಸಿದರು. ಆದರೂ ಕೆಲವರು ಮೂರ್ಛೆ ಹೋದರು. ಸಂಜೆ ಹಿಂದೂ ಗೆಳತಿಯೊಬ್ಬರು ಬಂದವರು, ನಿಮ್ಮ ಬಸ್ಸು ದೂರದಿಂದ ದೊಡ್ಡ ಬೀರು ಇಟ್ಟ ಹಾಗೆ ಕಾಣುತ್ತೆ, ಅದರೊಳಗೆ ಮಕ್ಕಳು ಹೇಗೆ ಕೂರುತ್ತವೆ ಅಂತ ಕೇಳಿದರು.

ಮೂರನೇ ದಿನ ತಾಯಂದಿರು ಬಂದು ಜಗಳ ತೆಗೆದರು, ಮಕ್ಕಳನ್ನು ಜೀವಂತ ಹೂಳ್ತೀರಾ ಅಂತ. ಹೀಗೆ ಮುಚ್ಚದೇ ಇದ್ದಿದ್ದರೆ ನೀವೇ ಬಸ್ಸಿಗೆ ಪರ್ದಾ ಇಲ್ಲ ಅಂತ ಬೈತಿದ್ರಿ ಅಂದರು ರೊಕೆಯಾ. ಅದೇ ಸಂಜೆ ಅಂಚೆಯಲ್ಲಿ ಕಾಗದಗಳು. ಒಂದು ಇಂಗ್ಲಿಷಿನಲ್ಲಿ, ಕೆಳಗೆ ಹೆಸರಿಲ್ಲ, 'ಇಸ್ಲಾಮಿನ ಸಹೋದರ' ಅಂತ ಸಹಿ. ಉಳಿದವು ಉರ್ದುವಿನಲ್ಲಿ. ಎಲ್ಲದರ ದೂರೂ ಒಂದೇ. ಬಸ್ಸಿನ ಪರದೆ ಗಾಳಿಗೆ ಹಾರುತ್ತದೆ, ಪರ್ದಾ ಹೋಯಿತು, ಸರಿಮಾಡದಿದ್ದರೆ ಪತ್ರಿಕೆಯಲ್ಲಿ ಬರೆದು ಶಾಲೆಗೆ ಮಕ್ಕಳೇ ಬರದಂತೆ ಮಾಡುತ್ತೇವೆ.

ಪರದೆ ಗಾಳಿಗೆ ಹಾರುತ್ತದೆ! ಈ ಸಾಲಿಗೆ ಎಷ್ಟು ಸಲ ವಾಪಸ್ ಹೋದೆನೋ ಗೊತ್ತಿಲ್ಲ. ಒಳಗೆ ಒಬ್ಬ ಹುಡುಗಿ ಮೂರ್ಛೆ ಹೋಗಿರುವುದು ಆ ಸಹೋದರನ ಕಣ್ಣಿಗೆ ಬೀಳಲಿಲ್ಲ, ಬಟ್ಟೆ ಅಲ್ಲಾಡಿದ್ದು ಬಿತ್ತು. ಹೆಸರು ಹಾಕದೆ ಕಾಗದ ಬರೆಯುವವರ ಬಗ್ಗೆ ನನಗೆ ಎಳ್ಳಷ್ಟೂ ಗೌರವ ಇಲ್ಲ, ಆಗಿನವರಾದರೂ ಸರಿ, ಈಗ ಫೋನಿನಲ್ಲಿ ಅದೇ ಕೆಲಸ ಮಾಡುವವರಾದರೂ ಸರಿ. ಆ ತಾಯಂದಿರ ಮೇಲೆ ಮಾತ್ರ ನನಗೆ ಕೋಪ ಇಲ್ಲ. ಮಗು ಉಸಿರು ಕಟ್ಟಿ ಮನೆಗೆ ಬಂದರೆ ಯಾವ ತಾಯಿ ಸುಮ್ನಿರ್ತಾಳೆ?

ಹಾವನ್ನು ಹಿಡಿಯದಿದ್ದರೆ ರಾಜ ಕೊಲ್ಲುತ್ತಾನೆ, ಹಿಡಿದರೆ ಹಾವು ಕಚ್ಚುತ್ತದೆ, ನನ್ನ ಪಾಡು ಹೀಗಾಗಿದೆ ಅಂತ ರೊಕೆಯಾ ಅಲ್ಲೇ ಬರೆಯುತ್ತಾರೆ. ನಮ್ಮ ಆಫೀಸಿನ ಹಿರಿಯರು ನಕ್ಕಿದ್ದು ಈ ಪಾಡಿಗೆ.

ಪರ್ದಾ ಅಂದರೆ ಏನು ಅಂತ ರೊಕೆಯಾಗೆ ಗೊತ್ತಿರಲಿಲ್ಲವಾ? ಅವರ ಗಂಡನ ಕಡೆಯ ಒಬ್ಬ ಅತ್ತೆ ಭಾಗಲ್ಪುರದಿಂದ ಪಟ್ನಾಕ್ಕೆ ಹೋಗುವಾಗ ಕಿಯುಲ್ ಸ್ಟೇಷನ್ನಿನಲ್ಲಿ ರೈಲು ಬದಲಿಸಬೇಕಿತ್ತು. ದೊಡ್ಡ ಬುರ್ಖಾ ಕಾಲಿಗೆ ಸಿಕ್ಕಿ ಹಳಿ ಮೇಲೆ ಬಿದ್ದರು. ಕೂಲಿಗಳು ಎತ್ತೋಕೆ ಓಡಿಬಂದರೆ, ಜೊತೆಗಿದ್ದ ಕೆಲಸದವಳು, ಹುಷಾರ್, ಬೀಬಿಯವರನ್ನು ಯಾರೂ ಮುಟ್ಟಬಾರದು ಅಂತ ತಡೆದಳು. ಅವಳೊಬ್ಬಳಿಂದ ಎತ್ತಲಾಗಲಿಲ್ಲ. ಕಾದು ಕಾದು ರೈಲು ಹೊರಟಿತು. ಇದನ್ನೂ ರೊಕೆಯಾ ಅವರೇ ಬರೆದು ಅಚ್ಚು ಹಾಕಿಸಿದ್ದಾರೆ. ಇಷ್ಟು ಗೊತ್ತಿದ್ದ ಹೆಂಗಸು ಬಸ್ಸಿಗೆ ಪರದೆ ಕಟ್ಟಿಸಿದರು ಅಂದರೆ ಅದು ಹೆದರಿಕೆ ಅಲ್ಲ. ಬರೆಯುವಾಗ ಒಂದಿಂಚೂ ಬಗ್ಗಲಿಲ್ಲ, ಶಾಲೆ ನಡೆಸುವಾಗ ಎಷ್ಟು ಬೇಕೋ ಅಷ್ಟು ಬಗ್ಗಿದರು. ನನಗೆ ಅವರ ಬರಹಕ್ಕಿಂತ ಆ ಬಗ್ಗುವಿಕೆಯೇ ದೊಡ್ಡದಾಗಿ ಕಾಣುತ್ತದೆ. ಬರೆದರೆ ಚಪ್ಪಾಳೆಯಾದರೂ ಸಿಗುತ್ತದೆ. ಬಸ್ಸು ನಡೆಸಿದ್ದಕ್ಕೆ ಎರಡೂ ಕಡೆಯಿಂದ ಬೈಗುಳ, ಇಷ್ಟು ವರ್ಷದ ಮೇಲೂ ಊಟದ ಟೇಬಲ್ಲಿನಲ್ಲಿ ನಗು.

ಇದು ಮುಸಲ್ಮಾನರ ಮನೆಯ ತಾಪತ್ರಯ ಅಂತ ಯಾರಾದರೂ ಅಂದುಕೊಂಡರೆ ಅದೂ ಸುಳ್ಳು. ಇದೇ ಊರಿನಲ್ಲಿ 1849ರಲ್ಲಿ ಬೆಥೂನ್ ಶಾಲೆ ಶುರುವಾದಾಗ ಹಿಂದೂ ಮನೆಗಳ ಹೆಣ್ಣುಮಕ್ಕಳನ್ನು ಕರೆತರೋಕೂ ಗಾಡಿಯೇ ಬೇಕಾಯಿತು. ಮಗಳನ್ನೂ ಮಗನ ಹಾಗೆ ಸಾಕಬೇಕು, ಓದಿಸಬೇಕು ಅನ್ನೋ ಸಂಸ್ಕೃತ ಶ್ಲೋಕವನ್ನು ವಿದ್ಯಾಸಾಗರರು ಆ ಗಾಡಿಯ ಮೈಮೇಲೆ ಬರೆಸಿದ್ದರು, ದಾರಿಯಲ್ಲಿ ಬೈಯುವವರ ಬಾಯಿ ಮುಚ್ಚಿಸೋಕೆ. ಆ ಶಾಲೆಯಲ್ಲಿ ಆಗ ಮುಸ್ಲಿಂ ಹುಡುಗಿಯರಿಗೆ ಜಾಗವೇ ಇರಲಿಲ್ಲ. ನಮ್ಮ ಕಾಲಕ್ಕೆ ಬನ್ನಿ, ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರುಮಾಡಿದಾಗ ಹಳ್ಳಿ ರಸ್ತೆಯಲ್ಲಿ ಹುಡುಗಿಯರ ಸಾಲು ಹೊರಟಿದ್ದು ನೆನಪಿದೆಯಲ್ವಾ? ಆ ಸೈಕಲ್ಲು ಮಾಡಿದ ಕೆಲಸವನ್ನು ಯಾವ ಭಾಷಣವೂ ಮಾಡಲಿಲ್ಲ ಅಂತ ನಾನು ಯಾರ ಜೊತೆ ಬೇಕಾದರೂ ವಾದ ಮಾಡ್ತೀನಿ.

ಗುರುವಾರ ಆಫೀಸಿನಿಂದ ಸ್ವಲ್ಪ ಬೇಗ ಹೊರಟು ಲಾರ್ಡ್ ಸಿನ್ಹಾ ರೋಡಿಗೆ ಹೋದೆ. ರೊಕೆಯಾ ಶಾಲೆ ಈಗ ಅಲ್ಲಿದೆ, ಸರ್ಕಾರಿ ಹೈಸ್ಕೂಲು. ಗೇಟಿನ ಹತ್ತಿರ ಅಮ್ಮಂದಿರು ಕಾಯುತ್ತಿದ್ದರು. ಕೆಲವರಿಗೆ ಬುರ್ಖಾ, ಕೆಲವರಿಗೆ ಕೈತುಂಬಾ ಬಂಗಾಳಿ ಹಿಂದೂ ಮುತ್ತೈದೆಯರು ಹಾಕುವ ಶಂಖದ ಬಳೆ. ಗಂಟೆ ಹೊಡೆದ ಮೇಲೆ ಹುಡುಗಿಯರು ಗುಂಪಾಗಿ ಹೊರಗೆ ಬಂದು, ಅರ್ಧ ಮಂದಿ ನೇರ ಫುಚ್ಕಾ (ಇಲ್ಲಿನ ಪಾನಿಪುರಿ) ಗಾಡಿಗೆ ಮುತ್ತಿಗೆ ಹಾಕಿದರು. ಒಬ್ಬಳು ಅಮ್ಮನ ಕೈಗೆ ಬ್ಯಾಗು ತುರುಕಿ ಗೆಳತಿಯರ ಹಿಂದೆ ಓಡಿದಳು. ಎಲ್ಲ ಶಾಲೆಯ ಮುಂದೆಯೂ ನಡೆಯೋದೇ ಇದು. ಆದರೂ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ನಮ್ಮ ಮನೆಕೆಲಸದಾಕೆಯ ಜೊತೆ ಮತ್ತೆ ಮಾತಾಡಿದೆ. ಅವರ ಗಲ್ಲಿಯಲ್ಲಿ ಅದೇ ಸ್ಕೂಲಿಗೆ ಹೋಗಬೇಕಾದ ಇನ್ನೂ ಇಬ್ಬರು ಹುಡುಗಿಯರಿದ್ದಾರೆ. ವಯಸ್ಸಾದ ಖಾಲಾ (ಚಿಕ್ಕಮ್ಮ) ಒಬ್ಬರಿದ್ದಾರೆ, ಮನೆಯಲ್ಲೇ ಇರುತ್ತಾರೆ, ಕಾಲು ಗಟ್ಟಿ. ಮೂರೂ ಮನೆಯವರು ಸೇರಿ ಖಾಲಾಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಹಳಿ ದಾಟಿಸಿ ಬಿಟ್ಟು ಬರುತ್ತಾರೆ, ಸಂಜೆ ಕರ್ಕೊಂಡು ಬರುತ್ತಾರೆ. ನನ್ನ ಪಾಲೂ ಇರಲಿ ಅಂದೆ. ಅಪ್ಪ ಇನ್ನೂ ಒಪ್ಪಿಲ್ಲ. ಬೇಡ ಅಂತಲೂ ಅಂದಿಲ್ಲ. ಖಾಲಾ ಜೊತೆ ಒಂದು ದಿನ ತಾನೇ ಆ ದಾರಿ ನಡೆದು ನೋಡ್ತಾನಂತೆ.

ಇದನ್ನು ಓದುವವರಲ್ಲಿ ಕಲಬುರಗಿ, ಬೀದರ್, ವಿಜಯಪುರ, ಭಟ್ಕಳ ಕಡೆಯವರು ಇದ್ದೀರಿ ಅಂತ ಗೊತ್ತು. ನಿಮ್ಮ ಊರಿನಲ್ಲಿ ಹೆಣ್ಣುಮಕ್ಕಳ ಉರ್ದು ಶಾಲೆ ಶುರುವಾದಾಗ ಮನೆಮನೆಯಿಂದ ಮಕ್ಕಳನ್ನು ಕರ್ಕೊಂಡು ಹೋಗುತ್ತಿದ್ದವರು ಯಾರು? ಜಟಕಾಕ್ಕೆ ಪರದೆ ಕಟ್ಟಿದ್ದರಾ, ಆಯಾ ಬರುತ್ತಿದ್ದರಾ, ಅಣ್ಣಂದಿರು ಜೊತೆಗೆ ನಡೆಯುತ್ತಿದ್ದರಾ? ನಿಮ್ಮ ಅಜ್ಜಿಯರನ್ನು ಕೇಳಿ. ಗೊತ್ತಾದದ್ದನ್ನು ನನಗೂ ಬರೆದು ತಿಳಿಸಿ.