ಪೋಣಿಸಿಟ್ಟ ಹತ್ತು ಸೂಜಿ

ನಮ್ಮ ಕ್ಲಬ್ಬಿಗೆ ಒಂದು ಉದ್ದ ನೋಟ್‌ಬುಕ್ ಇತ್ತು. ರಟ್ಟಿನ ಅಂಚೆಲ್ಲ ಸವೆದಿತ್ತು. ಲೈಬ್ರರಿ ಪಕ್ಕದ ಸಣ್ಣ ಕೋಣೆಯ ಬೀರುವಿನಲ್ಲಿ ಅದರ ಜಾಗ. ಎಲ್ಲಿಗೆ ಹೋದರೂ, ಏನು ಮಾಡಿದರೂ ಅದರಲ್ಲಿ ಬರೆಯಲೇಬೇಕು ಎಂದು ಮೇಡಂ ಹೇಳಿದ್ದರು. ಹೈಸ್ಕೂಲಿನ ನೆನಪು ಬರೆದುಕೊಡಿ ಎಂದು ನೀವು ಕೇಳಿದ ದಿನದಿಂದ ಆ ನೋಟ್‌ಬುಕ್ಕೇ ಕಣ್ಣ ಮುಂದೆ ಬರುತ್ತಿದೆ.

ನಮ್ಮದು ಇಂಟರ್ಯಾಕ್ಟ್ ಕ್ಲಬ್. 12ರಿಂದ 18 ವರ್ಷದವರು ಸೇರಿ ಸಮಾಜಸೇವೆ ಮಾಡಲೆಂದು ರೋಟರಿ ಎಂಬ ಸೇವಾ ಸಂಸ್ಥೆಯವರು ಶುರು ಮಾಡಿದ್ದು. ಮೊದಲ ಕ್ಲಬ್ ಹುಟ್ಟಿದ್ದು 1962ರ ನವೆಂಬರ್‌ನಲ್ಲಿ, ಅಮೆರಿಕದ ಫ್ಲಾರಿಡಾದ ಮೆಲ್ಬರ್ನ್ ಹೈಸ್ಕೂಲಿನಲ್ಲಿ, 23 ವಿದ್ಯಾರ್ಥಿಗಳಿಂದ. ಮೊದಲ ಮೀಟಿಂಗಿನಲ್ಲಿ ಮೇಡಂ ಇದನ್ನು ಹೇಳಿ ನಮ್ಮನ್ನು ಎಣಿಸಿದರು. ನಾವು 19 ಜನ ಇದ್ದೆವು. "ಸಾಕು, ಇಷ್ಟು ಜನ ಸಾಕು" ಅಂದರು. ಇಂಥ ಕ್ಲಬ್‌ಗಳು ಅದಕ್ಕೂ ಹಿಂದೆಯೇ ಇದ್ದವು ಎಂದು ನನಗೆ ಆಮೇಲೆ ಗೊತ್ತಾಯಿತು. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕೀ ಕ್ಲಬ್ ಶುರುವಾಗಿತ್ತು. 1957ರಲ್ಲಿ ಪೆನ್ಸಿಲ್ವೇನಿಯಾದ ಹೈಸ್ಕೂಲೊಂದರ ಬೇಸ್‌ಬಾಲ್ ಕೋಚ್ ತಮ್ಮ ಹುಡುಗರನ್ನು ಕಟ್ಟಿಕೊಂಡು ಲಿಯೋ ಕ್ಲಬ್ ಆರಂಭಿಸಿದ್ದರು. ಆದರೆ ಅವತ್ತು ನನಗೆ ಹಿಡಿಸಿದ್ದು ಬೇರೆ ಮಾತು. ಕ್ಲಬ್ ನಡೆಸುವವರು ವಿದ್ಯಾರ್ಥಿಗಳೇ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ನಾವೇ. ಅಷ್ಟು ದಿನ ನಮಗೆ ಯಾರೂ ಅಂಥ ಜವಾಬ್ದಾರಿ ಕೊಟ್ಟಿರಲಿಲ್ಲ.

ನಮ್ಮ ಮೊದಲ ಕೆಲಸ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದು. ಎರಡು ವಾರ ಹಾಡು ಕಲಿತೆವು. ದುಡ್ಡು ಸೇರಿಸಿ ಟವೆಲ್ ಕೊಂಡೆವು. ಹೋದೆವು, ಹಾಡಿದೆವು, ಟವೆಲ್ ಹಂಚಿದೆವು, ಫೋಟೋ ತೆಗೆಸಿಕೊಂಡೆವು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು.

ಹೊರಡುವಾಗ ಕೊನೆಯ ಮಂಚದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. ದಿಂಬಿನ ಕೆಳಗಿಂದ ಒಂದು ತಗಡಿನ ಡಬ್ಬಿ ತೆಗೆದರು.

"ಪುಟ್ಟಿ, ಈ ಸೂಜಿಗೆ ದಾರ ಪೋಣಿಸಿ ಕೊಡ್ತೀಯಾ? ಕಣ್ಣು ಕಾಣಲ್ಲ ನೋಡು."

ಪೋಣಿಸಿಕೊಟ್ಟೆ. ಅರ್ಧ ನಿಮಿಷದ ಕೆಲಸ. ಅಜ್ಜಿ ತೋಳಿನ ಹೊಲಿಗೆ ಬಿಟ್ಟಿದ್ದ ಸ್ವೆಟರ್ ಒಂದನ್ನು ಮಡಿಲಿಗೆ ಎಳೆದುಕೊಂಡು ಆಗಲೇ ಹೊಲಿಯತೊಡಗಿದರು. ಮೂರು ದಿನದಿಂದ ಅದು ಹಾಗೇ ಬಿದ್ದಿತ್ತಂತೆ. ಅಲ್ಲಿ ನೋಡಿಕೊಳ್ಳುವವರು ಇದ್ದರು, ಒಳ್ಳೆಯವರೇ. ಆದರೆ ಅವರ ಕೈತುಂಬ ಕೆಲಸ. ಸೂಜಿಗೆ ದಾರ ಹಾಕಿಕೊಡಿ ಎಂದು ಕರೆಯಲು ಅಜ್ಜಿಗೆ ಸಂಕೋಚ.

"ಈ ದಾರ ಮುಗಿದ ಮೇಲೆ ಏನು ಮಾಡ್ತೀರಿ ಅಜ್ಜಿ?"

"ಮತ್ತೆ ಯಾರಾದ್ರೂ ಬರ್ತಾರಲ್ಲ."

ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತಾ ಹೋಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಅದು ನಿಜವಾಗಿ ಅರ್ಥವಾಗಿದ್ದು ಅವತ್ತು, ಆ ಮಂಚದ ಪಕ್ಕದಲ್ಲಿ.

ಮುಂದಿನ ಮೀಟಿಂಗಿನಲ್ಲಿ ಇದನ್ನು ಹೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಹೋಗೋಕೆ ಮುಂಚೆ ಅವರಿಗೆ ಏನು ಬೇಕು ಅಂತ ನಾವು ಕೇಳ್ಲೇ ಇಲ್ಲ, ಅಲ್ವಾ?" ಅಂದರು. ನೋಟ್‌ಬುಕ್ ತೆಗೆದು ಪುಟದ ಮಧ್ಯೆ ಸ್ಕೇಲ್ ಇಟ್ಟು ಗೆರೆ ಎಳೆದರು. ಎಡಗಡೆ "ಅವರು ಕೇಳಿದ್ದು", ಬಲಗಡೆ "ನಾವು ಮಾಡಿದ್ದು". ಬಲಗಡೆ ತುಂಬಲು ನಮಗೆ ಬೇಕಾದಷ್ಟಿತ್ತು. ಎಡಗಡೆ ಬರೆಯಲು ಸಿಕ್ಕಿದ್ದು ಒಂದೇ ಪದ: ಸೂಜಿ.

ಅಂದಿನಿಂದ ಪ್ರತಿ ಶನಿವಾರ ಇಬ್ಬರು ಹೋಗುವುದು ಎಂದಾಯಿತು. ಹಾಡಿಲ್ಲ, ಫೋಟೋ ಇಲ್ಲ. ಹತ್ತು ಸೂಜಿಗೆ ದಾರ ಪೋಣಿಸಿ, ಒಂದು ಬಟ್ಟೆ ತುಂಡಿಗೆ ಸಾಲಾಗಿ ಚುಚ್ಚಿ ಡಬ್ಬಿಯಲ್ಲಿ ಇಟ್ಟು ಬರುವುದು. ಅಜ್ಜಿಗೆ ವಾರಕ್ಕೆ ಅಷ್ಟು ಸಾಕಾಗುತ್ತಿತ್ತು. ಆಶ್ರಮದವರ ಬಟ್ಟೆಯನ್ನೆಲ್ಲ ಅವರೇ ಹೊಲಿದುಕೊಡತೊಡಗಿದರು. ನಾವು ಹೋದಾಗ ಪಕ್ಕದ ಮಂಚದವರು ಕಾಗದ ಓದಿಸಿಕೊಂಡರು. ಇನ್ನೊಬ್ಬರು ಉಗುರು ಕತ್ತರಿಸಿಕೊಂಡರು. ನೋಟ್‌ಬುಕ್ಕಿನ ಎಡಗಡೆ ಉದ್ದವಾಗುತ್ತಾ ಹೋಯಿತು.

ಮರುವರ್ಷ ಅದೇ ಎಡಗಡೆಯಲ್ಲಿ ನಮ್ಮ ಶಾಲೆಯ ಹುಡುಗನೊಬ್ಬನ ಮಾತು ಬಂತು. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ನಾವು ಸರದಿಯ ಮೇಲೆ ಅವನಿಗೆ ಪಾಠ ಓದಿ ಹೇಳುತ್ತಿದ್ದೆವು. ಚೆನ್ನಾಗಿ ಓದುತ್ತಿದ್ದೇವೆ ಎಂದೇ ನಂಬಿದ್ದೆವು. ಕೇಳಿದಾಗ ಅವನು ಹೇಳಿದ: "ಚಿತ್ರ ಬಂದಾಗ ನೀವೆಲ್ಲ ದಾಟಿಕೊಂಡು ಹೋಗ್ತೀರಿ." ನಿಜವಾಗಿತ್ತು. ಅವತ್ತಿನ ಪಾಠ ಹೃದಯದ್ದು. ಬಾಯಲ್ಲಿ ಹೇಳಿ ನೋಡಿದೆವು, ಆಗಲಿಲ್ಲ. ಕೊನೆಗೆ ರಟ್ಟಿನ ಮೇಲೆ ಅಂಟು ಹಚ್ಚಿ, ಚಿತ್ರದ ಗೆರೆಗಳ ಮೇಲೆ ಉಣ್ಣೆ ದಾರ ಕೂರಿಸಿದೆವು. ರಕ್ತ ಹೊರಹೋಗುವ ನಾಳಕ್ಕೆ ದಪ್ಪ ದಾರ, ಒಳಬರುವುದಕ್ಕೆ ತೆಳು ದಾರ. ಅವನ ಬೆರಳು ಮೇಲಿನ ಎರಡು ಕೋಣೆ ದಾಟಿ ಕೆಳಗಿನ ಎರಡಕ್ಕೆ ಬಂದು ನಿಂತಿತು. "ಎಡಗಡೆಯದು ಜಾಸ್ತಿ ದಪ್ಪ ಇರಬೇಕಲ್ವಾ? ಇಡೀ ಮೈಗೆ ರಕ್ತ ತಳ್ಳಬೇಕು" ಅಂದ. ನಾವು ಗೋಡೆಗಳನ್ನೆಲ್ಲ ಒಂದೇ ದಪ್ಪ ಮಾಡಿದ್ದೆವು. ಕಿತ್ತು ಮತ್ತೆ ಅಂಟಿಸಿದೆವು.

ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಓದುವ ಆರು ಚುಕ್ಕೆಗಳ ಲಿಪಿಯನ್ನು ಲೂಯಿ ಬ್ರೈಲ್ ರೂಪಿಸಿದಾಗ, 1824ರಲ್ಲಿ, ಅವರಿಗೆ 15 ವರ್ಷ. ಅದನ್ನು ನನಗೆ ಹೇಳಿದ್ದು ಆ ಹುಡುಗನೇ. "ನಮ್ಮಷ್ಟೇ ವಯಸ್ಸು" ಎಂದು ಹೇಳುವಾಗ ಅವನ ಮುಖ ಅರಳಿದ್ದು ಇನ್ನೂ ನೆನಪಿದೆ.

ಗಿಡ ನೆಟ್ಟೆವು, ರಕ್ತದಾನ ಶಿಬಿರದಲ್ಲಿ ಹೆಸರು ಬರೆದುಕೊಂಡೆವು. ಅವೆಲ್ಲ ಎಲ್ಲ ಶಾಲೆಯಲ್ಲೂ ನಡೆಯುವಂಥವೇ.

ಕೆನಡಾದ ಆಂಟಾರಿಯೊದಲ್ಲಿ 40 ಗಂಟೆ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 75 ಗಂಟೆ ಸೇವೆಯನ್ನು ಹೈಸ್ಕೂಲ್ ಮುಗಿಸಲು ಕಡ್ಡಾಯ ಮಾಡಿದ್ದಾರೆ. ಬಲವಂತದ ಸೇವೆ ಸೇವೆಯೇ ಅಲ್ಲ ಎಂದು ಕೆಲವರು ವಾದಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಕಾರಣಕ್ಕಾದರೂ ಸರಿ, ಮಗು ಆ ಬಾಗಿಲವರೆಗೆ ಹೋಗಲಿ. ನಾನೂ ಮೊದಲು ಹೋಗಿದ್ದು ಗೆಳತಿಯರು ಹೊರಟರೆಂದು. ಆದರೆ ಗಂಟೆ ಲೆಕ್ಕ ಹಾಕುವ ದೊಡ್ಡವರು ಒಂದು ಕೆಲಸ ಮಾಡಬೇಕು. ಮಗುವನ್ನು ಒಂದೇ ಜಾಗಕ್ಕೆ, ಒಬ್ಬರೇ ಮನುಷ್ಯರ ಹತ್ತಿರಕ್ಕೆ ಮತ್ತೆ ಮತ್ತೆ ಕಳಿಸಬೇಕು. ಹತ್ತು ಕಡೆ ನಾಲ್ಕು ನಾಲ್ಕು ಗಂಟೆ ಹೋಗಿಬಂದರೆ ಸರ್ಟಿಫಿಕೇಟ್ ಸಿಗುತ್ತದೆ. ಆ ಅಜ್ಜಿ ಸಿಗುವುದಿಲ್ಲ.

ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಶನಿವಾರದ ಕೆಲಸವನ್ನು ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ಒಪ್ಪಿಸಿದೆ. ಒಂದು ಸಲ ಜೊತೆಯಲ್ಲೇ ಕರೆದುಕೊಂಡು ಹೋದೆ. ಅಜ್ಜಿ ಅವಳನ್ನೂ ಪುಟ್ಟಿ ಎಂದೇ ಕರೆದರು. ವಾಪಸ್ ಬರುವಾಗ ಅವಳು ಒಂದೊಂದೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ದಾರ ಒಂದು ಮೊಳಕ್ಕಿಂತ ಜಾಸ್ತಿ ಬೇಡ, ಸಿಕ್ಕಾಗುತ್ತದೆ. ಆರು ಬಿಳಿ, ನಾಲ್ಕು ಕಪ್ಪು. ಬಿಳಿಯವು ಬಟ್ಟೆಯ ಎಡಗಡೆ, ಮುಟ್ಟಿದರೆ ಗೊತ್ತಾಗಬೇಕು.

"ಗಂಟು?" ಎಂದು ಕೇಳಿದಳು.

"ಗಂಟು ಹಾಕಬೇಡ. ಅದನ್ನು ಅಜ್ಜಿಯೇ ಹಾಕಿಕೊಳ್ತಾರೆ."

ಅದನ್ನೂ ಬರೆದುಕೊಂಡಳು, ಎಡಗಡೆಯಲ್ಲಿ.